ದಾಟ್ತಿದ್ದ ಅಜ್ಜನೂ ಸ್ಪ್ಯಾನಿಷ್‌ನ ‘ರೀಅ’ ರೂಪವೂ

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನಾನು ಕೊಪ್ಪಳ ಜಿಲ್ಲೆ ಆನೆಗೊಂದಿಯವನು. ನಮ್ಮದು ತಲೆತಲಾಂತರದಿಂದ ಹರಿಗೋಲು ಹಾಕುವ ಮನೆ. ಎರಡು ವರ್ಷದಿಂದ ಮೊಬೈಲ್ ನೋಡಿಕೊಂಡೇ ಸ್ಪ್ಯಾನಿಷ್ ಕಲಿತಿದ್ದೇನೆ, ಆ ಭಾಷೆಯ ಪ್ರವಾಸಿಗರಿಗೆ ಊರು ತೋರಿಸುತ್ತೇನೆ. ಹೋದ ತಿಂಗಳು ಅರ್ಜೆಂಟೀನಾದಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರಿಗೆ ನದಿ ದಂಡೆಯ ಮೇಲೆ ನಿಂತು ‘ನಮ್ಮಜ್ಜ ದಿನಾಲೂ ನದಿ ದಾಟ್ತಿದ್ದ’ ಅಂತ ಹೇಳಬೇಕಿತ್ತು. ‘ಮಿ ಅಬುವೇಲೊ ಕ್ರುಸರೀಅ ಎಲ್ ರೀಒ ತೋದೊಸ್ ಲೊಸ್ ದೀಅಸ್’ ಅಂದೆ. ಅವರು ನನ್ನ ಮುಖ ನೋಡಿ ‘ಇ ಪೊರ್ ಕೇ ನೊ ಕ್ರುಸೋ?’ ಅಂದರು. ಮತ್ತೆ ಯಾಕೆ ದಾಟಲಿಲ್ಲ ಅಂತ! ಇಂಗ್ಲಿಷ್‌ನ ‘ವುಡ್’ ಬರುವ ಕಡೆಯೆಲ್ಲ ಕ್ರಿಯಾಪದಕ್ಕೆ ‘ಈಅ’ ಸೇರಿಸಬೇಕು ಅಂತ ಓದಿದ್ದೆ. ಎಲ್ಲಿ ತಪ್ಪಿದೆ? ಈ ಕಂಡಿಷನಲ್ ರೂಪ ಕಟ್ಟುವುದು ಹೇಗೆ, ಬಳಸುವುದು ಯಾವಾಗ ಅಂತ ಬಿಡಿಸಿ ಹೇಳ್ರಿ.

ಉತ್ತರ: ಆ ತಾಯಿ ಕೇಳಿದ್ದು ಸರಿಯಾದ ಪ್ರಶ್ನೆ. ನೀವು ರೂಪವನ್ನು ಕಟ್ಟಿದ್ದರಲ್ಲಿ ತಪ್ಪಿಲ್ಲ, ಅದು ಹೇಳುವ ಅರ್ಥ ಮಾತ್ರ ಬೇರೆ. ಅವರ ಕಿವಿಗೆ ಬಿದ್ದದ್ದು ‘ನಮ್ಮಜ್ಜ ದಿನಾಲೂ ದಾಟ್ತಿದ್ದ, ಆದರೆ…’ ಎಂಬ ಅರ್ಧ ಮಾತು. ಏನೋ ಅಡ್ಡಿಯಾಗಿ ಅಜ್ಜನಿಗೆ ದಾಟಲು ಆಗಲಿಲ್ಲ ಎಂದುಕೊಂಡು, ಆ ಅಡ್ಡಿ ಏನೆಂದು ಕೇಳಿದ್ದಾರೆ.

ಈ ಗೊಂದಲಕ್ಕೆ ಇಂಗ್ಲಿಷ್ ಒಂದೇ ಕಾರಣವಲ್ಲ. ನಮ್ಮ ಕನ್ನಡವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ‘ನಮ್ಮಜ್ಜ ದಿನಾಲೂ ನದಿ ದಾಟ್ತಿದ್ದ’ ಎಂದರೆ ಅದು ಆತನ ರೂಢಿ, ನಿಜವಾಗಿ ನಡೆದದ್ದು. ‘ಸೇತುವೆ ಇಲ್ಲದಿದ್ರ ನಮ್ಮಜ್ಜ ಹರಿಗೋಲಿನಾಗ ದಾಟ್ತಿದ್ದ’ ಎಂದರೆ ಅದು ನಡೆಯದೆ ಹೋದದ್ದು, ಬರೀ ಊಹೆ. ಎರಡು ಕಡೆಯೂ ‘ದಾಟ್ತಿದ್ದ’ ಒಂದೇ, ಅಕ್ಷರದ ವ್ಯತ್ಯಾಸವೂ ಇಲ್ಲ. ಯಾವುದು ನಡೆದದ್ದು, ಯಾವುದು ಊಹೆ ಎಂಬುದನ್ನು ನಾವು ‘ದಿನಾಲೂ’, ‘ಇಲ್ಲದಿದ್ರ’ ಎಂಬ ಅಕ್ಕಪಕ್ಕದ ಮಾತುಗಳಿಂದ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್‌ನ ‘ವುಡ್’ ಕೂಡ ಹೀಗೇ ಎರಡೂ ಕೆಲಸ ಮಾಡುತ್ತದೆ. ಸ್ಪ್ಯಾನಿಷ್ ಮಾತ್ರ ಹಾಗೆ ಮಾಡುವುದಿಲ್ಲ. ನಡೆಯುತ್ತಿದ್ದ ರೂಢಿಗೆ ಅಲ್ಲೊಂದು ರೂಪ, ನಡೆಯದ ಊಹೆಗೆ ಇನ್ನೊಂದು. ರೂಢಿಗೆ ‘ಕ್ರುಸಾಬ’, ಊಹೆಗೆ ‘ಕ್ರುಸರೀಅ’. ಈ ಊಹೆಯ ರೂಪವೇ ಕಂಡಿಷನಲ್. ಬಳ್ಳಾರಿಯಲ್ಲಿ ನನ್ನ ಹತ್ತಿರ ಸಂಜೆ ಪಾಠಕ್ಕೆ ಬರುವ ಹುಡುಗರಿಗೆ ಕಂಡಿಷನಲ್ ಪಾಠದ ಮೊದಲ ದಿನ ನಾನು ಪ್ರತ್ಯಯಗಳನ್ನು ಬರೆಸುವುದೇ ಇಲ್ಲ. ಕನ್ನಡದ ಹತ್ತು ‘-ತಿದ್ದ’ ವಾಕ್ಯ ಕೊಟ್ಟು, ಯಾವುದು ರೂಢಿ, ಯಾವುದು ಊಹೆ ಎಂದು ಬೇರ್ಪಡಿಸಿ ಕೊಡಿ ಎನ್ನುತ್ತೇನೆ. ಅಷ್ಟು ಕೈಗೆ ಸಿಕ್ಕರೆ ಉಳಿದದ್ದು ಸಲೀಸು.

ಇನ್ನು ಕಟ್ಟುವ ರೀತಿ. ಅದಕ್ಕೆ ಮುಂಚೆ ಒಂದು ಮಾತು: ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲ್ಲಿ ದೀರ್ಘ ಇದೆಯೋ ಅಲ್ಲಿ ಒತ್ತು ಕೊಟ್ಟು ಓದಿ. ಈ ಪಾಠಕ್ಕೆ ನಮ್ಮ ಲಿಪಿ ಬಹಳ ಒಳ್ಳೆಯ ಸಾಧನ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಸ್ಪ್ಯಾನಿಷ್ ಕ್ರಿಯಾಪದಗಳ ಮೂಲರೂಪ ಮೂರು ಬಗೆಯಲ್ಲಿ ಮುಗಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ: ಅಬ್ಲಾರ್ ಎಂದರೆ ಮಾತಾಡುವುದು, ಕೊಮೇರ್ ಎಂದರೆ ತಿನ್ನುವುದು, ಬಿಬೀರ್ ಎಂದರೆ ಬದುಕುವುದು, ಒಂದು ಕಡೆ ವಾಸ ಇರುವುದು. ವರ್ತಮಾನಕಾಲದಲ್ಲಿ ಈ ಮೂರಕ್ಕೂ ಬೇರೆ ಬೇರೆ ಪ್ರತ್ಯಯ, ಮೊದಲು ಬಾಲ ಕತ್ತರಿಸಿ ಆಮೇಲೆ ಅಂಟಿಸಬೇಕು. ಕಂಡಿಷನಲ್‌ನಲ್ಲಿ ಏನನ್ನೂ ಕತ್ತರಿಸುವ ಹಾಗಿಲ್ಲ. ಇಡೀ ಮೂಲರೂಪವನ್ನು ಹಾಗೇ ಇಟ್ಟು ಅದರ ಬಾಲಕ್ಕೆ ಪ್ರತ್ಯಯ ಹಚ್ಚಬೇಕು. ಮೂರೂ ಬಗೆಗೆ ಪ್ರತ್ಯಯ ಒಂದೇ:

ಯೊ (ನಾನು): ಅಬ್ಲರೀಅ, ಕೊಮೆರೀಅ, ಬಿಬಿರೀಅ
ತೂ (ನೀನು): ಅಬ್ಲರೀಅಸ್, ಕೊಮೆರೀಅಸ್, ಬಿಬಿರೀಅಸ್
ಎಲ್, ಏಯ, ಉಸ್ತೇದ್ (ಅವನು, ಅವಳು, ತಾವು): ಅಬ್ಲರೀಅ, ಕೊಮೆರೀಅ, ಬಿಬಿರೀಅ
ನೊಸೋತ್ರೊಸ್ (ನಾವು): ಅಬ್ಲರೀಅಮೊಸ್, ಕೊಮೆರೀಅಮೊಸ್, ಬಿಬಿರೀಅಮೊಸ್
ಬೊಸೋತ್ರೊಸ್ (ನೀವೆಲ್ಲ, ಸ್ಪೇನ್‌ನಲ್ಲಿ): ಅಬ್ಲರೀಅಯ್ಸ್, ಕೊಮೆರೀಅಯ್ಸ್, ಬಿಬಿರೀಅಯ್ಸ್
ಏಯೊಸ್, ಉಸ್ತೇದೆಸ್ (ಅವರು, ನೀವೆಲ್ಲ): ಅಬ್ಲರೀಅನ್, ಕೊಮೆರೀಅನ್, ಬಿಬಿರೀಅನ್

ನಿಮ್ಮಲ್ಲಿಗೆ ಬರುವವರು ಹೆಚ್ಚಾಗಿ ದಕ್ಷಿಣ ಅಮೆರಿಕದವರಾದರೆ ಐದನೇ ಸಾಲನ್ನು ಓದಿ ಬಿಟ್ಟರೆ ಸಾಕು. ಆ ಕಡೆ ನಾಲ್ಕು ಜನರನ್ನು ಮಾತಾಡಿಸುವಾಗ ‘ಉಸ್ತೇದೆಸ್’ ಎಂದೇ ಅನ್ನುತ್ತಾರೆ.

ಎಲ್ಲ ಆರು ರೂಪಗಳಲ್ಲೂ ‘ಈ’ ಮೇಲೆ ಒತ್ತು. ಬರೆಯುವಾಗ ಆ ‘ಈ’ ಅಕ್ಷರದ ತಲೆಯ ಮೇಲೆ ಓರೆಗೆರೆ ಹಾಕಲೇಬೇಕು, ಆರರಲ್ಲೂ. ನಮ್ಮ ಮಂದಿ ಎಡವುವುದು ಇಲ್ಲೇ. ಹೋದ ವರ್ಷ ಗಂಗಾವತಿಯಿಂದ ಒಬ್ಬ ಹುಡುಗಿ ಪಾಠಕ್ಕೆ ಬರುತ್ತಿದ್ದಳು, ರೈಸ್ ಮಿಲ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಆಕೆಯ ನೋಟ್‌ಬುಕ್ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ: ಮೂಲರೂಪ ನೀಲಿ ಪೆನ್ನಿನಲ್ಲಿ, ಪ್ರತ್ಯಯ ಕೆಂಪು ಪೆನ್ನಿನಲ್ಲಿ, ಓರೆಗೆರೆ ಒಂದೂ ಬಿಟ್ಟಿಲ್ಲ. ಓದು ಎಂದರೆ ಮಾತ್ರ ‘ಅಬ್ಲಾರಿಯಾ’ ಎನ್ನುತ್ತಿದ್ದಳು. ‘ಈ’ ಕುಗ್ಗಿ ‘ರಿ’ ಆಯಿತು, ಒತ್ತು ಕೊನೆಯ ‘ಯಾ’ ಮೇಲೆ ಹೋಗಿ ಕೂತಿತು. ನಾನು ಬೋರ್ಡಿನ ಮೇಲೆ ‘ಮರೀಅ’ ಎಂದು ಬರೆದೆ. ಸ್ಪೇನ್‌ನಲ್ಲಿ ಮನೆಮನೆಗೂ ಇರುವ ಹೆಣ್ಣುಮಕ್ಕಳ ಹೆಸರು ಅದು. ಬೀದಿಯ ಆ ತುದಿಯಲ್ಲಿರುವವಳನ್ನು ಈ ತುದಿಯಿಂದ ಕೂಗುವ ಹಾಗೆ ಕೂಗು ಎಂದೆ. ‘ಮರೀ…ಅ’ ಎಂದು ಕೂಗಿದಳು. ಅದೇ ಉಸಿರಿನಲ್ಲಿ ಅಬ್ಲರೀಅ ಎನ್ನು ಎಂದೆ. ಬಂತು. ನಿಮಗೆ ಇನ್ನೂ ಹತ್ತಿರದ ಪದವೇ ಇದೆಯಲ್ಲ, ನದಿಗೆ ‘ರೀಒ’ ಎನ್ನುತ್ತಾರೆ. ಕ್ರುಸರೀಅದ ‘ರೀ’ ಅದೇ ‘ರೀ’.

ಒತ್ತು ತಪ್ಪಿದರೆ ಅರ್ಥವೂ ಜಾರುತ್ತದೆ. ‘ಅಬ್ಲರಾ’ ಎಂದರೆ ಮುಂದೆ ಮಾತಾಡುತ್ತಾನೆ. ‘ಅಬ್ಲಾರ’ ಎಂದರೆ ಮಾತಾಡಿದ್ದರೆ ಎನ್ನುವಾಗ ಬರುವ ರೂಪ. ‘ಅಬ್ಲರೀಅ’ ನಮ್ಮ ಕಂಡಿಷನಲ್. ರೋಮನ್ ಲಿಪಿಯಲ್ಲಿ ಮೊದಲೆರಡರ ನಡುವೆ ಇರುವುದು ಒಂದು ಸಣ್ಣ ಓರೆಗೆರೆಯ ವ್ಯತ್ಯಾಸ. ಕನ್ನಡದಲ್ಲಿ ಬರೆದಾಗ ದೀರ್ಘ ಎಲ್ಲಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಹೊಸ ಕ್ರಿಯಾಪದ ಕಲಿತಾಗಲೆಲ್ಲ ಪಕ್ಕದಲ್ಲಿ ಕನ್ನಡದಲ್ಲೂ ಬರೆದುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಮೂಲರೂಪವನ್ನು ಕತ್ತರಿಸದೆ ಇಡುವುದಕ್ಕೆ ಕಾರಣ ಇದೆ. ಈ ರೂಪ ಹುಟ್ಟಿದ್ದೇ ಎರಡು ಪದ ಕೂಡಿ. ‘ಅಬೇರ್’ ಎಂಬ ಸಹಾಯಕ ಕ್ರಿಯಾಪದದ ಭೂತಕಾಲ ‘ಅಬೀಅ’. ಲ್ಯಾಟಿನ್ ಆಡುಮಾತಿನ ಕಾಲದಲ್ಲಿ ‘ದಾಟುವುದು ಇತ್ತು’ ಎನ್ನುವ ಹಾಗೆ ಮೂಲರೂಪದ ಬಾಲಕ್ಕೆ ಇದನ್ನು ಸೇರಿಸಿ ಹೇಳುತ್ತಿದ್ದರು. ಬರಬರುತ್ತ ಅದು ಸವೆದು ‘ಈಅ’ ಆಗಿ ಮೂಲರೂಪಕ್ಕೆ ಅಂಟಿಕೊಂಡಿತು. ಸ್ಪ್ಯಾನಿಷ್‌ಗೆ ಮೊದಲ ವ್ಯಾಕರಣ ಬರೆದ ಆಂತೋನಿಯೊ ದೆ ನೆಬ್ರೀಹ 1492ರಲ್ಲೇ ಈ ಜೋಡಣೆಯನ್ನು ಗುರುತಿಸಿದ್ದ. ಹಳೆಯ ಸ್ಪ್ಯಾನಿಷ್‌ನಲ್ಲಿ ಎರಡು ತುಂಡಿನ ನಡುವೆ ಸರ್ವನಾಮವನ್ನು ತೂರಿಸುವುದೂ ಇತ್ತು. ಪಕ್ಕದ ಪೋರ್ಚುಗೀಸ್‌ನ ಶಿಷ್ಟ ಬರಹದಲ್ಲಿ ಆ ಪದ್ಧತಿ ಇವತ್ತಿಗೂ ಉಳಿದಿದೆ. ಸುಮಾರು 1520ರ ಹೊತ್ತಿಗೆ ನಿಮ್ಮೂರ ಎದುರಿನ ವಿಜಯನಗರಕ್ಕೆ ಬಂದು ಕಂಡದ್ದನ್ನೆಲ್ಲ ಬರೆದಿಟ್ಟ ದೊಮಿಂಗೊ ಪಾಯಸ್‌ನ ಭಾಷೆ ಅದು. ನಮ್ಮಲ್ಲೂ ಇದೇ ಆಗಿದೆ ನೋಡಿ: ‘ದಾಟುತ್ತ ಇದ್ದನು’ ಕೂಡಿ ‘ದಾಟುತ್ತಿದ್ದನು’, ಸವೆದು ‘ದಾಟ್ತಿದ್ದ’.

ಇದು ತಿಳಿದರೆ ಇನ್ನೊಂದು ಲಾಭ ಇದೆ. ಬೇರೆ ಕಾಲಗಳಲ್ಲಿ ನಿಮ್ಮನ್ನು ಗೋಳು ಹೊಯ್ದುಕೊಂಡ ಕ್ರಿಯಾಪದಗಳು ಇಲ್ಲಿ ಸಾಧುವಾಗಿಬಿಡುತ್ತವೆ. ‘ಸೇರ್’ ಎಂಬ ‘ಆಗಿರು’, ‘ಈರ್’ ಎಂಬ ‘ಹೋಗು’, ‘ದಾರ್’ ಎಂಬ ‘ಕೊಡು’ ವರ್ತಮಾನದಲ್ಲೂ ಭೂತದಲ್ಲೂ ಎಷ್ಟು ವಕ್ರ! ಕಂಡಿಷನಲ್‌ನಲ್ಲಿ ಸುಮ್ಮನೆ ಸೆರೀಅ, ಇರೀಅ, ದರೀಅ. ಹಾಗೇ ಒಳಗಿನ ಸ್ವರ ಬದಲಿಸುವ ಕ್ರಿಯಾಪದಗಳು: ಬೆಲೆ ಹೇಳುವಾಗ ‘ಕ್ವೇಸ್ತ’ ಎಂದು ಬದಲಾಗುವ ‘ಕೊಸ್ತಾರ್’ ಇಲ್ಲಿ ಬದಲಾಗದೆ ‘ಕೊಸ್ತರೀಅ’. ನಿದ್ದೆಯ ‘ದೊರ್ಮೀರ್’ ಇಲ್ಲಿ ‘ದೊರ್ಮಿರೀಅ’. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಹೊರಗೆ ಕಳಿಸುವ ನನ್ನ ಒಬ್ಬ ವಿದ್ಯಾರ್ಥಿಗೆ ಮೊದಲು ರೂಢಿಯಾದ ರೂಪ ಈ ‘ಕೊಸ್ತರೀಅ’. ‘ಸಾವಿರ ಪೀಸ್ ತಗೊಂಡರೆ ಎಷ್ಟು ಬೀಳಬಹುದು’ ಎಂದು ಮೆಕ್ಸಿಕೊದ ಗಿರಾಕಿ ಕೇಳುತ್ತಿದ್ದುದೇ ‘ಕ್ವಾಂತೊ ಕೊಸ್ತರೀಅ?’ ಎಂದು. ದರ ಇನ್ನೂ ಕುದುರಿಲ್ಲ, ಮಾತುಕತೆಯಲ್ಲಿದೆ ಎಂಬುದು ಆ ರೂಪದಲ್ಲೇ ಇದೆ. ನಿಜವಾಗಿ ಹಾದಿ ತಪ್ಪುವ ಕ್ರಿಯಾಪದಗಳು ಒಂದು ಡಜನ್ ಮಾತ್ರ. ‘ಪೊದೇರ್’ ಪೊದ್ರೀಅ ಆಗುತ್ತದೆ, ‘ತೆನೇರ್’ ತೆಂದ್ರೀಅ, ‘ಅಸೇರ್’ ಅರೀಅ, ‘ದೆಸೀರ್’ ದಿರೀಅ. ಅವುಗಳಲ್ಲೂ ಕಾಂಡ, ಅಂದರೆ ಪ್ರತ್ಯಯಕ್ಕೆ ಮೊದಲಿನ ಭಾಗ, ಬದಲಾಗುತ್ತದೆಯೇ ಹೊರತು ಪ್ರತ್ಯಯ ಇವೇ ಆರು. ಭವಿಷ್ಯತ್‌ಕಾಲದ ರೂಪ ಬಂದರೆ ಅದೇ ಕಾಂಡ ಇಲ್ಲಿಗೂ ನಡೆಯುತ್ತದೆ.

ಕಿವಿಗೆ ಮೋಸವಾಗುವ ಜಾಗ ಒಂದಿದೆ. ಕೊಮೇರ್, ಬಿಬೀರ್ ಬಗೆಯ ಕ್ರಿಯಾಪದಗಳ ರೂಢಿಯ ರೂಪದಲ್ಲೂ ‘ಈಅ’ ಬರುತ್ತದೆ! ಕೊಮೀಅ ಎಂದರೆ ತಿನ್ನುತ್ತಿದ್ದೆ, ರೂಢಿ. ಕೊಮೆರೀಅ ಎಂದರೆ ತಿನ್ನುತ್ತಿದ್ದೆ, ಊಹೆ. ಬಿಬೀಅ ರೂಢಿ, ಬಿಬಿರೀಅ ಊಹೆ. ನೀವು ಓದಿದ ‘ಈಅ ಸೇರಿಸು’ ಎಂಬ ಸೂತ್ರ ಅರ್ಧವೇ ಆಯಿತು. ಪೂರ್ತಿ ಸೂತ್ರ ‘ಮೂಲರೂಪ ಇಟ್ಟು ಈಅ ಸೇರಿಸು’. ಕೇಳುವಾಗ ಗಮನ ‘ಈಅ’ ಮೇಲೆ ಬೇಡ, ಅದಕ್ಕೆ ಮೊದಲು ‘ರ್’ ಇದೆಯೇ ನೋಡಿ. ‘ರೀಅ’ ಬಂದರೆ ಮೂಲರೂಪ ಪೂರ್ತಿ ಇದೆ, ಅಂದರೆ ಕಂಡಿಷನಲ್. ಆದರೆ ‘ಕೆರೇರ್’ ಎಂಬ ‘ಬೇಕು’ ತರದ ಕ್ರಿಯಾಪದದ ಕಾಂಡದಲ್ಲೇ ಒಂದು ‘ರ್’ ಇದೆ. ಅಲ್ಲಿ ಕೆರೀಅ ರೂಢಿ, ಗಟ್ಟಿ ರಕಾರದ ಕೆರ್ರೀಅ ಊಹೆ. ಇದೊಂದನ್ನು ಬೇರೆಯಾಗಿ ನೆನಪಿಡಿ.

ಇನ್ನೊಂದು ತಪ್ಪು ನಮ್ಮ ಸಂಸ್ಕಾರದಿಂದಲೇ ಬರುತ್ತದೆ. ನಾವು ಹಿರಿಯರಿಗೆ ಬಹುವಚನ ಹಚ್ಚುತ್ತೇವೆ: ‘ಅಪ್ಪಾಜಿ ಬರ್ತಿದ್ರು’, ‘ನೀವು ಹೇಳ್ತಿದ್ರಿ’. ಅದೇ ಅಭ್ಯಾಸದಲ್ಲಿ ಒಬ್ಬರೇ ಹಿರಿಯರ ಎದುರು ‘ಅಬ್ಲರೀಅನ್’ ಎಂದರೆ ಅವರು ಹಿಂದೆ ತಿರುಗಿ ಇನ್ನು ಯಾರಿದ್ದಾರೆ ಎಂದು ನೋಡಬೇಕಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಮರ್ಯಾದೆ ‘ಉಸ್ತೇದ್’ ಎಂಬ ಪದದಲ್ಲಿದೆ, ಕ್ರಿಯಾಪದ ಮಾತ್ರ ‘ಅವನು-ಅವಳು’ ರೂಪದ ಏಕವಚನ: ಉಸ್ತೇದ್ ಅಬ್ಲರೀಅ. ಅಜ್ಜನ ಬಗ್ಗೆ ಹೇಳುವಾಗಲೂ ಏಕವಚನವೇ. ಅದರಲ್ಲಿ ಅಗೌರವ ಏನಿಲ್ಲ. ಮತ್ತೆ, ನಮ್ಮ ‘ದಾಟ್ತಿದ್ದ, ದಾಟ್ತಿದ್ದಳು, ದಾಟ್ತಿದ್ದೆ’ ಎಂಬ ಮೂರಕ್ಕೂ ಅಲ್ಲಿ ‘ಕ್ರುಸರೀಅ’ ಒಂದೇ ಇರುವುದರಿಂದ ಗೊಂದಲ ಬರುವ ಕಡೆ ಯೊ, ಎಲ್, ಏಯ ಎಂಬುದನ್ನು ಬಾಯಿಬಿಟ್ಟು ಹೇಳಬೇಕು.

ಈಗ ಬಳಕೆಗೆ ಬರೋಣ. ನಿಮ್ಮ ಕಸುಬಿಗೆ ಮೊದಲು ಬೇಕಾದದ್ದು ಸೌಜನ್ಯದ ಬಳಕೆ. ನಮ್ಮ ಕಡೆ ‘ನೀರು ಕೊಡು’ ಎಂಬುದು ‘ನೀರು ಕೊಡ್ರಿ’ ಆದ ಕೂಡಲೇ ಮೆತ್ತಗಾಗುತ್ತದಲ್ಲ, ಸ್ಪ್ಯಾನಿಷ್‌ನಲ್ಲಿ ಆ ಮೆತ್ತನೆಯ ಕೆಲಸ ಕಂಡಿಷನಲ್‌ನದು. ‘ಮೆ ದರೀಅ ಆಗ್ವ?’ ಎಂದರೆ ‘ಸ್ವಲ್ಪ ನೀರು ಕೊಡ್ತೀರೇನ್ರಿ?’ ನಮ್ಮ ‘ರೀ’ಗೂ ಅವರ ‘ರೀಅ’ಕ್ಕೂ ಯಾವ ನಂಟೂ ಇಲ್ಲ, ದನಿ ಹೊಂದಿದೆ ಅಷ್ಟೆ. ಆದರೂ ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ನೆನಪಿಡಲು ಇದಕ್ಕಿಂತ ಒಳ್ಳೆಯ ಕೊಂಡಿ ನನಗೆ ಸಿಕ್ಕಿಲ್ಲ. ಹರಿಗೋಲು ತುಂಬಿದಾಗ ಸಾಲಿನಲ್ಲಿ ನಿಂತವರಿಗೆ ‘ಲೆ ಇಂಪೊರ್ತರೀಅ ಎಸ್ಪೆರಾರ್?’ ಎನ್ನಿ. ‘ಸ್ವಲ್ಪ ಕಾದರೆ ನಡೀತದಲ್ರಿ?’ ಎಂಬ ಭಾವ. ಬರೀ ‘ಎಸ್ಪೇರೆ’ ಎಂದರೆ ‘ಕಾಯಿರಿ’ ಎಂಬ ಆಜ್ಞೆ.

‘ಮೆ ಗುಸ್ತರೀಅ’ ಎಂಬುದನ್ನು ದಿನಾ ಕೇಳುತ್ತೀರಿ. ಇಂಗ್ಲಿಷ್ ಮೂಲಕ ಕಲಿತವರಿಗೆ ಇದರ ರಚನೆ ತಲೆಕೆಳಗಾಗಿ ಕಾಣುತ್ತದೆ, ನಮಗೆ ಹಾಗಿಲ್ಲ. ನಾವು ‘ನನಗೆ ಮಿರ್ಚಿ ಇಷ್ಟ’ ಎನ್ನುತ್ತೇವೆ. ಇಷ್ಟವಾಗುವ ವಸ್ತು ಕರ್ತೃ, ಇಷ್ಟಪಡುವವರಿಗೆ ‘ಗೆ’ ಪ್ರತ್ಯಯ. ಸ್ಪ್ಯಾನಿಷ್‌ನಲ್ಲೂ ‘ಮೆ’ ಎಂದರೆ ‘ನನಗೆ’ಯೇ. ‘ಮೆ ಗುಸ್ತರೀಅ ಬೇರ್ ಎಲ್ ರೀಒ’ ಎಂದರೆ ‘ನನಗೆ ನದಿ ನೋಡೋ ಆಸೆ’. ಇಂಥ ಕಡೆ ಇಂಗ್ಲಿಷನ್ನು ನಡುವೆ ತರಬೇಡಿ ಎಂದು ನಾನು ಹಟ ಹಿಡಿದು ಹೇಳುತ್ತೇನೆ. ನೇರ ದಾರಿ ಇರುವಾಗ ಸುತ್ತು ಹಾಕಿದ ಹಾಗಾಗುತ್ತದೆ.

ಸಲಹೆಗೆ ‘ಯೊ ಕೆ ತೂ’ ಎಂದು ಶುರು ಮಾಡಬಹುದು, ‘ನಿನ್ನ ಜಾಗದಾಗ ನಾನಿದ್ರ’ ಎಂದಂತೆ. ಅಂಜನಾದ್ರಿ ಹತ್ತಲು ಹೊರಟವರಿಗೆ ‘ಯೊ ಕೆ ತೂ, ಸುಬಿರೀಅ ತೆಂಪ್ರಾನೊ’, ಅಂದರೆ ನಾನಾಗಿದ್ದರೆ ನಸುಕಿನಲ್ಲೇ ಹತ್ತುತ್ತಿದ್ದೆ. ‘ದೆಬೆರೀಅಸ್ ಯೆಬಾರ್ ಆಗ್ವ’, ನೀರು ಒಯ್ದರೆ ಒಳ್ಳೆಯದು. ಐನೂರಕ್ಕೂ ಹೆಚ್ಚು ಮೆಟ್ಟಿಲು, ನಮ್ಮ ಬಿಸಿಲು ಬೇರೆ. ಇದೊಂದು ವಾಕ್ಯ ಬಾಯಿಪಾಠವೇ ಇರಲಿ. ನಿಮ್ಮ ಅರ್ಜೆಂಟೀನಾದ ಅತಿಥಿಗಳು ‘ಯೆಬಾರ್’ ಪದವನ್ನು ‘ಶೆಬಾರ್’ ಎನ್ನುತ್ತಾರೆ, ಅದು ಅವರ ಸೀಮೆಯ ಉಚ್ಚಾರ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ‘ಸಿ’ ವಾಕ್ಯಗಳಿಗೆ. ‘ಸಿ’ ಎಂದರೆ ನಮ್ಮ ‘-ರೆ’. ನಾವು ಕ್ರಿಯಾಪದದ ಬಾಲಕ್ಕೆ ಹಚ್ಚುತ್ತೇವೆ, ಅವರು ವಾಕ್ಯದ ಮುಂದೆ ಇಡುತ್ತಾರೆ. ಗಂಗಾವತಿ ಸೀಮೆಯ ರೈತನ ಎರಡು ಮಾತು ತೆಗೆದುಕೊಳ್ಳಿ. ‘ಕಾಲುವಿಗೆ ನೀರು ಬಂದ್ರ ಭತ್ತ ಹಚ್ತೀವಿ.’ ಬರಬಹುದು, ಬಾರದೆಯೂ ಇರಬಹುದು, ಆಸೆ ಜೀವಂತ ಇದೆ. ಇದಕ್ಕೆ ಕಂಡಿಷನಲ್ ಬೇಡ: ‘ಸಿ ಯೇಗ ಆಗ್ವ, ಪ್ಲಂತರೇಮೊಸ್ ಅರ್ರೋಸ್’. ಇನ್ನೊಂದು, ‘ನೀರು ಬಂದಿದ್ರ ಭತ್ತ ಹಚ್ತಿದ್ವಿ.’ ಇಲ್ಲಿ ನೀರು ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಇಲ್ಲಿ ಕಂಡಿಷನಲ್: ‘ಸಿ ಯೆಗಾರ ಆಗ್ವ, ಪ್ಲಂತರೀಅಮೊಸ್ ಅರ್ರೋಸ್’. ‘ಹಚ್ತೀವಿ’ಯಿಂದ ‘ಹಚ್ತಿದ್ವಿ’ಗೆ ನೀವು ಯೋಚಿಸದೆಯೇ ಜಿಗಿಯುತ್ತೀರಿ. ನಿಮ್ಮ ನಾಲಿಗೆ ಜಿಗಿಯುವ ಆ ಜಾಗದಲ್ಲೇ ಸ್ಪ್ಯಾನಿಷ್ ಕೂಡ ‘ರೇಮೊಸ್’ನಿಂದ ‘ರೀಅಮೊಸ್’ಗೆ ಜಿಗಿಯುತ್ತದೆ.

ಗಮನಿಸಿ, ‘ಸಿ’ಯ ಬೆನ್ನಿಗೇ ‘ರೀಅ’ ಬರುವುದಿಲ್ಲ. ‘ಸಿ ಯೆಗರೀಅ’ ಎಂಬುದು ಪ್ರಮಾಣ ಸ್ಪ್ಯಾನಿಷ್‌ನಲ್ಲಿ ತಪ್ಪು. ಸ್ಪೇನ್‌ನ ಉತ್ತರಕ್ಕೆ, ಬಾಸ್ಕ್ ನಾಡಿನ ಸುತ್ತಮುತ್ತ ಆಡುಮಾತಿನಲ್ಲಿ ಹೀಗೆ ಹೇಳುವವರು ಇದ್ದಾರೆ. ಕೇಳಿದರೆ ಗಾಬರಿಯಾಗಬೇಡಿ, ಅನುಸರಿಸಲೂ ಬೇಡಿ. ‘ಸಿ’ಯ ಬೆನ್ನಿಗೆ ಬೇಕಾದದ್ದು ‘ಯೆಗಾರ, ಕೊಮಿಯೇರ, ಬಿಬಿಯೇರ’ ಎಂಬ ಇನ್ನೊಂದು ರೂಪ, ಅದು ಹುಟ್ಟುವುದು ಭೂತಕಾಲದ ಕಾಂಡದಿಂದ. ಇನ್ನೂ ಬಾರದ ನೀರಿಗೆ ಭೂತಕಾಲ ಯಾಕೆ ಎಂದು ಅನ್ನಿಸಬಹುದು. ನಮ್ಮ ‘ಬಂದರೆ’ಯನ್ನು ಬಿಡಿಸಿ ನೋಡಿ: ಬಂದ, ರೆ. ‘ಬರುತ್ತರೆ’ ಎಂದು ಯಾರೂ ಅನ್ನುವುದಿಲ್ಲ. ನಾಳಿನ ಮಳೆಗೂ ನಾವು ‘ಬಂದ’ ಎಂಬ ಭೂತದ ಕಾಂಡವನ್ನೇ ಹಿಡಿದು ‘ರೆ’ ಹಚ್ಚುತ್ತೇವೆ. ಸ್ಪ್ಯಾನಿಷ್‌ನವರು ಊಹೆಯ ವಾಕ್ಯದಲ್ಲಿ ಅದನ್ನೇ ಮಾಡುತ್ತಾರೆ. ‘ರೆ’ ಇರುವ ಅರ್ಧಕ್ಕೆ ಭೂತದ ಕಾಂಡ, ‘-ತಿದ್ದ’ ಇರುವ ಅರ್ಧಕ್ಕೆ ‘ರೀಅ’. ಈ ಒಂದು ಲೆಕ್ಕ ಕೂತರೆ ಪುಸ್ತಕದ ನಾಲ್ಕು ಪುಟ ಉಳಿಯುತ್ತದೆ.

ಕಾಲ ಮುಗಿದೇ ಹೋಗಿದ್ದರೆ? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದು ನೀವು ಕಣ್ಣಾರೆ ಕಂಡ ಸಂಗತಿ. ‘ಆ ಗೇಟು ಹೋಗದಿದ್ರ ಅಷ್ಟು ನೀರು ಕಳಕೊಳ್ತಿರಲಿಲ್ಲ’ ಎಂದು ನಾವು ಅದೇ ‘-ತಿರಲಿಲ್ಲ’ದಲ್ಲಿ ಮುಗಿಸುತ್ತೇವೆ. ಸ್ಪ್ಯಾನಿಷ್‌ನಲ್ಲಿ ಕಳೆದುಹೋದ ಅವಕಾಶಕ್ಕೆ ‘ಅಬೇರ್’ನ ಕಂಡಿಷನಲ್ ಜೊತೆಗೆ ಕೃದಂತ, ಅಂದರೆ ‘ಕಳಕೊಂಡ’ ತರದ ರೂಪ, ಬೇಕು: ‘ನೊ ಅಬ್ರೀಅಮೊಸ್ ಪೆರ್ದೀದೊ ತಾಂತ ಆಗ್ವ’. ಅಬ್ರೀಅಮೊಸ್, ಅಬ್ಲರೀಅಮೊಸ್ ಎರಡನ್ನೂ ಕಲಸಿಬಿಡಬೇಡಿ, ಮೊದಲನೆಯದು ಸಹಾಯಕ, ಎರಡನೆಯದು ‘ಮಾತಾಡ್ತಿದ್ವಿ’.

ಕಂಡಿಷನಲ್ ಎಂಬ ಹೆಸರು ನೋಡಿ ಇದು ಷರತ್ತಿಗೆ ಮಾತ್ರ ಎಂದುಕೊಂಡರೆ ಇನ್ನೂ ಎರಡು ಬಳಕೆ ಕೈತಪ್ಪುತ್ತವೆ. ವೆನೆಜುವೆಲಾದಲ್ಲಿ ಹುಟ್ಟಿದ ವ್ಯಾಕರಣಕಾರ ಆಂದ್ರೆಸ್ ಬೇಯೊ 1847ರ ತನ್ನ ವ್ಯಾಕರಣದಲ್ಲಿ ಇದನ್ನು ‘ಪೊಸ್ಪ್ರೆತೇರಿತೊ’ ಎಂದು ಕರೆದ, ಅಂದರೆ ಭೂತದ ಮುಂದಿನದು. ಮೆಕ್ಸಿಕೊದ ಮಕ್ಕಳು ಇವತ್ತಿಗೂ ಆ ಹೆಸರಲ್ಲೇ ಓದುತ್ತಾರೆ. ನನಗೂ ಆ ಹೆಸರೇ ಹೆಚ್ಚು ಹಿಡಿಸುತ್ತದೆ. ನಿಂತಿರುವುದು ಕಳೆದ ಕಾಲದಲ್ಲಿ, ನೋಡುತ್ತಿರುವುದು ಅಲ್ಲಿಂದ ಮುಂದಕ್ಕೆ. ‘ಏಳು ಗಂಟೆಗೆ ಬರ್ತೀನಿ ಅಂತ ಅಂದ’ ಎಂಬಲ್ಲಿ ನಾವು ಅವನ ಮಾತನ್ನು ಅವನ ಬಾಯಲ್ಲಿ ಇದ್ದ ಹಾಗೇ ಇಟ್ಟು ‘ಅಂತ’ ಹಚ್ಚಿ ಮುಗಿಸುತ್ತೇವೆ. ‘ಬರ್ತೀನಿ’ ಎಂಬ ಉತ್ತಮಪುರುಷವನ್ನೂ ಬದಲಿಸುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಕಾಲ, ಪುರುಷ ಎರಡೂ ಬದಲಾಗುತ್ತವೆ: ‘ದೀಹೊ ಕೆ ಯೆಗರೀಅ ಅ ಲಸ್ ಸಿಯೇತೆ’. ನಮ್ಮವರು ‘ಅಂತ’ದ ಜಾಗದಲ್ಲಿ ‘ಕೆ’ ಇಟ್ಟು ಒಳಗಿನ ಮಾತನ್ನು ಹಾಗೇ ಬಿಡುತ್ತಾರೆ. ಆಗ ‘ನಾನು ಬರ್ತೀನಿ’ ಎಂದು ನೀವೇ ಒಪ್ಪಿಕೊಂಡ ಹಾಗಾಗುತ್ತದೆ. ವಾಹನ, ರೂಮು, ಊಟದ ಹೊತ್ತು ಗೊತ್ತು ಮಾಡುವವರಿಗೆ ಇದು ಸಣ್ಣ ತಪ್ಪಲ್ಲ.

ಎರಡನೆಯದು ಕಳೆದ ಕಾಲದ ಅಂದಾಜು. ‘ಸೆರೀಅನ್ ಲಸ್ ದಿಯೇಸ್’ ಎಂದರೆ ‘ಹತ್ತು ಗಂಟೆ ಆಗಿದ್ದೀತು’. ಶಾಲೆಯಲ್ಲಿ ಓದಿದ ಸಂಭಾವನಾರ್ಥಕ ರೂಪ ನೆನಪಿದೆಯೇ, 'ಬಂದಾನು, ಬಂದಾಳು, ಬಂದೀತು'? ಅದರ ಭಾವವೇ ಇದು. ಲ್ಯಾಟಿನ್ ಅಮೆರಿಕದ ಪತ್ರಿಕೆಗಳಲ್ಲಿ ಇನ್ನೂ ಖಚಿತವಾಗದ ಸುದ್ದಿಗೂ ‘ರೀಅ’ ಬರುತ್ತದೆ, ನಮ್ಮ ‘ಬರ್ತಾರಂತೆ’ಯ ಹಾಗೆ. ಓದಿದಾಗ ಅರ್ಥವಾದರೆ ಸಾಕು, ನೀವು ಬಳಸುವ ಅಗತ್ಯವಿಲ್ಲ.

ಅಭ್ಯಾಸಕ್ಕೆ ಬೇರೆ ಪುಸ್ತಕ ಹುಡುಕಬೇಡಿ. ನಿಮ್ಮಜ್ಜನ ಬಗ್ಗೆ ಮನೆಯಲ್ಲಿ ಹಿರಿಯರು ಹೇಳುವ ಮಾತುಗಳನ್ನು ಒಂದು ವಾರ ಬರೆದಿಟ್ಟುಕೊಳ್ಳಿ. ಪ್ರತಿ ‘-ತಿದ್ದ’ದ ಪಕ್ಕ ನಡೆದದ್ದಕ್ಕೆ ಒಂದು ಗುರುತು, ಊಹೆಗೆ ಇನ್ನೊಂದು ಗುರುತು ಹಾಕಿ. ಮೊದಲನೆಯವಕ್ಕೆ ‘ಆಬ’ ಅಥವಾ ‘ಈಅ’, ಎರಡನೆಯವಕ್ಕೆ ಇಡೀ ಮೂಲರೂಪದ ಮೇಲೆ ‘ಈಅ’. ಮುಂದಿನ ಸಲ ತಳವಾರಘಟ್ಟದ ಎದುರು ದಂಡೆಯಲ್ಲಿ ಅತಿಥಿಗಳ ಜೊತೆ ನಿಂತಾಗ ಹೀಗೆ ಹೇಳಿ: ‘ಮಿ ಅಬುವೇಲೊ ಕ್ರುಸಾಬ ಎಲ್ ರೀಒ ತೋದೊಸ್ ಲೊಸ್ ದೀಅಸ್. ಸಿ ನೊ ಉಬಿಯೇರ ಪುವೇಂತೆ, ಯೊ ತಂಬಿಯೇನ್ ಕ್ರುಸರೀಅ.’ ನಮ್ಮಜ್ಜ ದಿನಾಲೂ ನದಿ ದಾಟ್ತಿದ್ದ, ಸೇತುವೆ ಇಲ್ಲದಿದ್ರ ನಾನೂ ದಾಟ್ತಿದ್ದೆ. ಎರಡನೇ ವಾಕ್ಯದ ಆ ‘ಯೊ’ವನ್ನು ಮಾತ್ರ ನುಂಗಬೇಡಿ. ಅದು ಬಿಟ್ಟುಹೋದರೆ ದಾಟುವವರು ನೀವೋ ಅಜ್ಜನೋ ಎಂದು ಅವರು ಮತ್ತೆ ಕೇಳಬೇಕಾಗುತ್ತದೆ.